ಹಾಸಿಗೆ ಹೊತ್ತ ನಾಲ್ವರು

ಸೊರಬ ತಾಲ್ಲೂಕಿನ ಗುಡವಿ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಅಲ್ಲಿಯ ಕೆರೆ ಮತ್ತು ಹಕ್ಕಿಗಳು. ಮುಂಗಾರು ಹಿಡಿದೊಡನೆ ಬಿಳಿಯ ಹಕ್ಕಿಗಳ ಹಿಂಡುಗಳು ಬಂದಿಳಿಯುತ್ತವೆ. ನೀರಿನ ನಡುವೆ ನಿಂತ ಮರಗಳ ಮೇಲೆ ಗೂಡು ಕಟ್ಟಿ, ಮರಿಗಳಿಗೆ ರೆಕ್ಕೆ ಬಲಿಯುವವರೆಗೆ ಇದ್ದು, ಮತ್ತೆ ಹಾರಿಹೋಗುತ್ತವೆ. ಬರುವುದೂ ಹೋಗುವುದೂ ಅತಿಥಿಯ ಲಕ್ಷಣ. ಆದರೆ ಮನೆಗೆ ಬಂದ ಮೇಲೆ ಹೋಗಲೊಲ್ಲದ ಅತಿಥಿಯೂ ಒಂದುಂಟು. ಅದೇ ದೀರ್ಘಕಾಲದ ಕಾಯಿಲೆ. ಮಧುಮೇಹ, ಪಾರ್ಶ್ವವಾಯು, ಮೂರ್ಛೆರೋಗ, ತೀವ್ರ ಮನೋರೋಗ, ಕೀಲುಗಳ ಸವೆತ ಇವುಗಳಲ್ಲಿ ಯಾವುದಾದರೂ ಒಂದು ಮನೆಯ ಹೊಸ್ತಿಲು ದಾಟಿತೆಂದರೆ ಅದು ವಾರ, ತಿಂಗಳುಗಳ ಮಾತಲ್ಲ; ವರ್ಷಗಳ ಮಾತು, ಎಷ್ಟೋ ವೇಳೆ ಒಂದು ಆಯುಷ್ಯದ ಮಾತು. ಅಂತಹ ಮನೆಗಳನ್ನು ಸಂದರ್ಶಿಸುವವರು ಯಾರು, ಅವರಿಗೆ ಯಾವ ಸಿದ್ಧತೆ ಇರಬೇಕು ಎಂಬುದನ್ನು ಈ ವಾರ ನಮ್ಮ ಓದುಗ ಕುಟುಂಬಗಳೊಡನೆ ಚಿಂತಿಸಬಯಸುತ್ತೇವೆ.

ಎರಡು ಹಳ್ಳಿಗಳ ಹೆಸರು

ಶಿವಮೊಗ್ಗ ಜಿಲ್ಲೆಯ ಎರಡು ಹಳ್ಳಿಗಳ ಹೆಸರು ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಶಾಶ್ವತವಾಗಿ ಉಳಿದಿದೆ. ಒಂದು, ಸೊರಬ ತಾಲ್ಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಜನರೂ ಜ್ವರದಿಂದ ನರಳಿದರು. ಉಣ್ಣೆಗಳ ಮೂಲಕ ಹರಡುವ ಆ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನವರ ನಿದ್ದೆಗೆಡಿಸುತ್ತಿದೆ. ಮತ್ತೊಂದು, ಸಾಗರ ಪಟ್ಟಣದ ಬಳಿಯ ಹಂದಿಗೋಡು. ಮೊದಲನೆಯದು ಹಠಾತ್ತನೆ ಎರಗುವ ಜ್ವರ. ಎರಡನೆಯದು ಬಾಳಿನುದ್ದಕ್ಕೂ ಜೊತೆಯಲ್ಲೇ ನಡೆಯುವ ನೋವು. ನಮ್ಮ ಇಂದಿನ ವಿಷಯಕ್ಕೆ ಸೇರಿದುದು ಈ ಎರಡನೆಯದು.

1974-75ರ ಸುಮಾರಿಗೆ ಹಂದಿಗೋಡಿನ ಕೂಲಿಕಾರ ಕುಟುಂಬಗಳಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳು ನೋಯತೊಡಗಿರುವುದು ಬೆಳಕಿಗೆ ಬಂದಿತು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು ಬಾಗಲಾರದಾದರು, ನಡೆಯುತ್ತಿದ್ದವರು ಕೋಲು ಹಿಡಿದರು, ಕೆಲವರು ತೆವಳುವಂತಾದರು. ಕೆಲವು ಮಕ್ಕಳ ಬೆಳವಣಿಗೆಯೇ ಕುಂಠಿತವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ತಜ್ಞರು ಬಂದು ಪರೀಕ್ಷಿಸಿದರು; 1977ರಲ್ಲಿ ಈ ಕಾಯಿಲೆಯನ್ನು ಕುರಿತು ಅವರ ವರದಿ ಪ್ರಕಟವಾಯಿತು. ಕೀಟನಾಶಕ ಬೆರೆತ ಗದ್ದೆಯ ಏಡಿಗಳನ್ನು ತಿಂದುದೇ ಇದಕ್ಕೆ ಕಾರಣವಿರಬಹುದೆಂಬ ಶಂಕೆ ಬಹುಕಾಲ ಪ್ರಚಲಿತವಿದ್ದಿತು. 1990ರ ದಶಕದಲ್ಲಿ ನಡೆದ ಅನುವಂಶೀಯ ಅಧ್ಯಯನಗಳು ಇದು ಮೂಳೆ ಮತ್ತು ಕೀಲುಗಳ ಬೆಳವಣಿಗೆಗೆ ಸಂಬಂಧಿಸಿದ, ವಂಶಪಾರಂಪರ್ಯವಾಗಿ ಬರುವ ದೋಷವೆಂದು ತಿಳಿಸಿದವು. ತಂದೆ ಅಥವಾ ತಾಯಿ ಇವರಲ್ಲಿ ಒಬ್ಬರಿಗೆ ಈ ದೋಷವಿದ್ದರೂ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟಿರುತ್ತದೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಈ ರೋಗಿಗಳು ಕಂಡುಬಂದರು.

ಕಾರಣ ತಿಳಿಯಿತು, ಆದರೆ ಬೇರುಸಹಿತ ಕಿತ್ತೊಗೆಯುವ ಔಷಧ ಸಿಗಲಿಲ್ಲ. ಇಂತಹ ಸಂದರ್ಭದಲ್ಲಿ ವೈದ್ಯರು ಏನು ಮಾಡಬಲ್ಲರು? ನೋವಿಗೆ ಮಾತ್ರೆ ಕೊಡಬಲ್ಲರು. ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಿಸಬಲ್ಲರು. ಆದರೆ ದುಡಿಯುವ ಕಾಲು ಸೋತ ಮೇಲೆ ಒಲೆ ಹೊತ್ತಿಸುವುದು ಹೇಗೆ? ಶಾಲೆಗೆ ನಡೆದು ಹೋಗಲಾರದ ಹುಡುಗಿಯ ಓದು ಏನಾಗಬೇಕು? ಹೆಣ್ಣು ಕೇಳಲು ಬಂದವರು ಊರಿನ ಹೆಸರು ಕೇಳಿಯೇ ಹಿಂತಿರುಗಿದರೆ ಆ ಮನೆಯ ದುಃಖವನ್ನು ಯಾರೊಡನೆ ಹೇಳಿಕೊಳ್ಳಬೇಕು? ಮುಂದಿನ ಮಗುವಿಗೂ ಹೀಗೆಯೇ ಆದೀತೇ ಎಂದು ಎಳೆಯ ದಂಪತಿಗಳು ಕೇಳಿದರೆ, ಅವರ ಮನಸ್ಸು ಒಡೆಯದಂತೆ, ಸತ್ಯವನ್ನೂ ಮುಚ್ಚಿಡದಂತೆ ಉತ್ತರಿಸುವವರು ಯಾರು? ಔಷಧದ ಚೀಟಿಯಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿಲ್ಲ. ವೈದ್ಯರ ಕೆಲಸ ನಿಂತ ಕಡೆಯಿಂದ ಸಮಾಜಕಾರ್ಯಕರ್ತರ ಕೆಲಸ ಆರಂಭವಾಗುತ್ತದೆ ಎನ್ನುವುದುಂಟು. ಅದಕ್ಕಿಂತ, ಮೊದಲ ದಿನದಿಂದಲೇ ಇಬ್ಬರ ಕೆಲಸವೂ ಜೊತೆಜೊತೆಯಾಗಿ ಸಾಗಬೇಕೆನ್ನುವುದೇ ಹೆಚ್ಚು ಸರಿ.

ಒಂದು ವೃತ್ತಿಯ ಹುಟ್ಟು

ಆಸ್ಪತ್ರೆಗೆ ಸಮಾಜಕಾರ್ಯಕರ್ತರು ಬೇಕೆಂಬ ಅರಿವು ಬಹಳ ಹಳೆಯದೇನಲ್ಲ. ಅಮೆರಿಕದ ಬಾಸ್ಟನ್ ನಗರದ ದೊಡ್ಡಾಸ್ಪತ್ರೆಯೊಂದರಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು 1905ರಲ್ಲಿ ಮೊದಲ ಬಾರಿಗೆ ಈ ಕೆಲಸಕ್ಕೆಂದೇ ಒಬ್ಬರನ್ನು ನೇಮಿಸಿಕೊಂಡರು. ಕ್ಷಯರೋಗಿಗೆ ಒಳ್ಳೆಯ ಊಟ, ಗಾಳಿಬೆಳಕು, ವಿಶ್ರಾಂತಿ ಬೇಕೆಂದು ಬರೆದುಕೊಡುವುದು ಸುಲಭ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಆರು ಮಂದಿಯೊಡನೆ ಮಲಗುವ ಕೂಲಿಕಾರನಿಗೆ ಆ ಚೀಟಿಯಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಈ ವೃತ್ತಿಯ ಬುಡದಲ್ಲಿದೆ. ನಮ್ಮ ದೇಶದಲ್ಲಿ ಸಮಾಜಕಾರ್ಯದ ವ್ಯವಸ್ಥಿತ ಶಿಕ್ಷಣ 1936ರಲ್ಲಿ ಮುಂಬಯಿಯ ಟಾಟಾ ಶಾಲೆಯಿಂದ ಆರಂಭವಾಯಿತು. 1946ರಲ್ಲಿ ಅದೇ ನಗರದ ಜೆ.ಜೆ. ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತರ ಹುದ್ದೆ ನಿರ್ಮಾಣವಾಯಿತು.

ಕರ್ನಾಟಕದಲ್ಲಿ ಈ ಶಿಕ್ಷಣಕ್ಕೆ ನೆಲೆ ಒದಗಿಸಿದವರಲ್ಲಿ ಧರ್ಮಭಗಿನಿಯರು ಮುಂಚೂಣಿಯಲ್ಲಿದ್ದಾರೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಮಂಗಳೂರಿನ ರೋಶನಿ ನಿಲಯ ಸಮಾಜಕಾರ್ಯ ಶಾಲೆ 1960ರಲ್ಲಿ ಮರಿಯಮ್ಮನವರ ಹೃದಯದ ಪುತ್ರಿಯರ ಸಂಸ್ಥೆಯವರಿಂದ ಸ್ಥಾಪಿತವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋರೋಗಿಗಳ ಸೇವೆಗಾಗಿಯೇ ಸಮಾಜಕಾರ್ಯಕರ್ತರನ್ನು ಸಿದ್ಧಪಡಿಸುವ ಪ್ರತ್ಯೇಕ ವಿಭಾಗವಿದೆ. 1963ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜನ್ನು ತೆರೆಯಿತು. ಅದಕ್ಕೂ ಹಿಂದೆ, 1880ರಲ್ಲಿಯೇ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಬಡವರಿಗೆ ಔಷಧ ಕೊಡಲು ಆರಂಭಿಸಿದ್ದರು. ಹತ್ತು ವರ್ಷಗಳ ತರುವಾಯ ಕುಷ್ಠರೋಗಿಗಳಿಗೆ ಅಲ್ಲಿ ಆಶ್ರಯವೂ ದೊರೆಯಿತು. ಔಷಧವೊಂದೇ ಸಾಲದು, ಊರು ಹೊರಗಿಟ್ಟವನಿಗೆ ಒಂದು ಸೂರು, ಒಂದು ಹೆಸರು, ಒಂದು ಕೆಲಸ ಬೇಕು ಎಂಬುದನ್ನು ಅವರು ಅಂದೇ ಕಂಡುಕೊಂಡಿದ್ದರು. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸುಮನಹಳ್ಳಿಯೂ ಕುಷ್ಠರೋಗಿಗಳ ಚಿಕಿತ್ಸೆಯೊಡನೆ ಅವರಿಗೆ ಕಸುಬು ಕಲಿಸುವ ಹಾದಿಯನ್ನೇ ಹಿಡಿಯಿತು.

ತಂಡವೆಂದರೇನು?

ಇಷ್ಟಾದರೂ ನಮ್ಮ ಆಸ್ಪತ್ರೆಗಳು ಬಹುಮಟ್ಟಿಗೆ ಅಲ್ಪಕಾಲದ ರೋಗಗಳಿಗಾಗಿ ರೂಪುಗೊಂಡಂಥವು. ಜ್ವರ ಬಂದವನು ಬಂದು, ಚುಚ್ಚುಮದ್ದು ಪಡೆದು, ಗುಣವಾಗಿ ಹೋಗುತ್ತಾನೆ. ದೀರ್ಘಕಾಲದ ರೋಗಗಳಿಗೆ ಈ ವ್ಯವಸ್ಥೆ ಒಗ್ಗದೆಂದು ವಿಶ್ವ ಆರೋಗ್ಯ ಸಂಸ್ಥೆ 2002ರ ತನ್ನ ವರದಿಯಲ್ಲಿ ಸ್ಪಷ್ಟವಾಗಿ ಎಚ್ಚರಿಸಿತು. ಮಧುಮೇಹಿಯು ವರ್ಷದ ಬಹುಪಾಲು ದಿನಗಳನ್ನು ಕಳೆಯುವುದು ತನ್ನ ಅಡುಗೆಮನೆಯಲ್ಲಿ, ಹೊಲದಲ್ಲಿ. ವೈದ್ಯರ ಮುಂದೆ ಕೂರುವುದು ಕೆಲವೇ ನಿಮಿಷಗಳು. ಆದುದರಿಂದ ಚಿಕಿತ್ಸೆಯ ನಿಜವಾದ ರಂಗಸ್ಥಳ ಮನೆಯೇ ಹೊರತು ಆಸ್ಪತ್ರೆಯಲ್ಲ.

ಗುಡವಿಯಂತಹ ಹಳ್ಳಿಯನ್ನೇ ಯೋಚಿಸೋಣ. ತಾಲ್ಲೂಕು ಆಸ್ಪತ್ರೆ ಸೊರಬದಲ್ಲಿದೆ; ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕೆಂದರೆ ಸುಮಾರು ನೂರು ಕಿಲೋಮೀಟರು. ಒಬ್ಬ ರೋಗಿಯೊಡನೆ ಮನೆಯ ಇನ್ನೊಬ್ಬರು ಹೋಗಬೇಕು. ಇಬ್ಬರ ಕೂಲಿ ತಪ್ಪಿತು, ಬಸ್ಸಿನ ಖರ್ಚು ಬಂತು. ಎರಡು ಬಾರಿ ಹೋದವರು ಮೂರನೆಯ ಬಾರಿ ನಾಟಿ ಮುಗಿಯಲೆಂದು ತಡೆಯುತ್ತಾರೆ. ನಾಟಿ ಮುಗಿಯುವಷ್ಟರಲ್ಲಿ ಮಾತ್ರೆ ಮುಗಿದಿರುತ್ತದೆ. ಮೂರ್ಛೆರೋಗದ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಸೆಳೆತ ಮತ್ತಷ್ಟು ಉಗ್ರವಾಗಿ ಮರುಕಳಿಸಬಹುದು. ಕ್ಷಯದ ಔಷಧವನ್ನು ನಡುವೆ ಬಿಟ್ಟರೆ ಔಷಧಕ್ಕೇ ಬಗ್ಗದ ಕ್ಷಯ ಬಲಿಯಬಹುದು. ಹೀಗೆ ತಪ್ಪಿಸಿಕೊಂಡ ರೋಗಿಯನ್ನು ಅಸಡ್ಡೆಯವನೆಂದು ಗದರಿಸುವುದು ಸುಲಭ. ಅವನು ಏಕೆ ಬರಲಿಲ್ಲವೆಂದು ಮನೆಯವರೆಗೆ ಹೋಗಿ ಕೇಳುವವರು ಬೇಕಾಗಿದ್ದಾರೆ.

ತಂಡವೆಂದರೆ ಬಹಳ ಮಂದಿ ಬಂದು ಹೋಗುವುದಲ್ಲ. ವೈದ್ಯರು ರೋಗವನ್ನು ನಿರ್ಣಯಿಸುತ್ತಾರೆ. ದಾದಿಯರು ಗಾಯವನ್ನೂ ಔಷಧವನ್ನೂ ನೋಡಿಕೊಳ್ಳುತ್ತಾರೆ. ಅಂಗವ್ಯಾಯಾಮ ಚಿಕಿತ್ಸಕರು ಸೋತ ಕೈಕಾಲುಗಳಿಗೆ ಚಲನೆ ಕಲಿಸುತ್ತಾರೆ. ಹಳ್ಳಿಯ ಆಶಾ ಕಾರ್ಯಕರ್ತೆ ಹೊಸ ತೊಂದರೆ ಕಂಡೊಡನೆ ಸುದ್ದಿ ಮುಟ್ಟಿಸುತ್ತಾಳೆ. ಸಮಾಜಕಾರ್ಯಕರ್ತರು ಈ ಎಲ್ಲರ ಮಾತನ್ನು ಮನೆಯವರಿಗೂ, ಮನೆಯವರ ಮಾತನ್ನು ಈ ಎಲ್ಲರಿಗೂ ತಲುಪಿಸುತ್ತಾರೆ. ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಒಬ್ಬ ರೋಗಿಯ ವಿಷಯವನ್ನು ಒಟ್ಟಾಗಿ ಮಾತನಾಡಿದಾಗ ಮಾತ್ರ ಅದು ತಂಡವಾಗುತ್ತದೆ. ಆ ಮೇಜಿನಲ್ಲಿ ರೋಗಿಗೂ ಅವನ ಮನೆಯವರಿಗೂ ಒಂದು ಕುರ್ಚಿ ಇರಬೇಕೆಂಬುದನ್ನು ಮರೆಯಬಾರದು.

ತೀರ್ಥಹಳ್ಳಿಯ ಪಾಠ

ಇದು ಬರಿಯ ಆದರ್ಶವಲ್ಲವೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ನಿಮ್ಹಾನ್ಸ್ ತಜ್ಞರು 2005ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದಿಂದ ಬಳಲುವವರನ್ನು ಹಳ್ಳಿಹಳ್ಳಿಗಳಲ್ಲಿ ಗುರುತಿಸಿ ಚಿಕಿತ್ಸೆ ಕೊಡುವ ಕಾರ್ಯವನ್ನು ಆರಂಭಿಸಿದರು. ವರ್ಷಗಟ್ಟಲೆ ಯಾವ ಚಿಕಿತ್ಸೆಯೂ ಇಲ್ಲದೆ ಮನೆಯ ಮೂಲೆಯಲ್ಲಿ ಉಳಿದಿದ್ದವರು ಅಲ್ಲಿ ಕಂಡುಬಂದರು. ವೈದ್ಯರು ಔಷಧ ನಿಗದಿ ಮಾಡಿದರೆ, ಕಾರ್ಯಕರ್ತರು ಮನೆಗಳಿಗೆ ಹೋಗಿ ಔಷಧ ತೆಗೆದುಕೊಳ್ಳುತ್ತಿದ್ದಾರೆಯೇ, ಮುಂದಿನ ಭೇಟಿಗೆ ಬರುತ್ತಾರೆಯೇ ಎಂದು ವಿಚಾರಿಸುತ್ತ ಬಂದರು. ಚಿಕಿತ್ಸೆ ಪಡೆದವರು ದಿನನಿತ್ಯದ ಕೆಲಸಕಾರ್ಯಗಳಲ್ಲಿ ಚಿಕಿತ್ಸೆ ಇಲ್ಲದವರಿಗಿಂತ ಉತ್ತಮ ಸ್ಥಿತಿಯಲ್ಲಿದ್ದರೆಂದು ಅಲ್ಲಿಯ ಅಧ್ಯಯನಗಳು ತಿಳಿಸಿದವು. ಇದಕ್ಕೂ ಮೊದಲು, 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿತ್ತು.

ಗೋವಾ, ಮಹಾರಾಷ್ಟ್ರದ ಸಾತಾರಾ ಮತ್ತು ತಮಿಳುನಾಡಿನಲ್ಲಿ ಇಂತಹ 282 ರೋಗಿಗಳನ್ನು ಒಳಗೊಂಡು ನಡೆದ ಅಧ್ಯಯನವೊಂದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ಆರೈಕೆ ನೀಡಿದಾಗ, ಆಸ್ಪತ್ರೆಯ ಚಿಕಿತ್ಸೆಯೊಂದನ್ನೇ ಪಡೆದವರಿಗಿಂತ ಅವರಲ್ಲಿ ಸ್ವಲ್ಪಮಟ್ಟಿಗೆ ಹೆಚ್ಚಿನ ಸುಧಾರಣೆ ಕಂಡಿತು. ಪವಾಡವೇನೂ ನಡೆಯಲಿಲ್ಲ. ಆದರೆ ಬಾವಿಯಿಂದ ನೀರು ಸೇದಲೂ ಒಲ್ಲದಿದ್ದವನು ಒಂದು ಕೊಡ ನೀರು ತಂದಿಟ್ಟರೆ, ಆ ಮನೆಯ ತಾಯಿಗೆ ಅದು ಎಂತಹ ಹಬ್ಬವೆಂಬುದನ್ನು ಅಂತಹ ಮನೆಯವರೇ ಬಲ್ಲರು. ಪಕ್ಕದ ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ನೋವು ಶಮನ ಸೇವೆಯೂ ನೆರೆಹೊರೆಯವರನ್ನೇ ತರಬೇತುಗೊಳಿಸಿ ಹಾಸಿಗೆ ಹಿಡಿದವರ ಮನೆಗಳಿಗೆ ಕಳುಹಿಸುವ ಪದ್ಧತಿಯಾಗಿ ಬೆಳೆಯಿತು.

ಏನನ್ನು ಕಲಿಯಬೇಕು?

ಸೇವಾಮನೋಭಾವ ಇದ್ದರಾಯಿತು, ತರಬೇತಿ ಏಕೆ ಎಂದು ಕೇಳುವವರಿದ್ದಾರೆ. ಕರುಣೆ ಬೇಕು, ನಿಜ; ಆದರೆ ಕಲಿಯದ ಕರುಣೆ ಕೆಲವೊಮ್ಮೆ ಗಾಯವನ್ನು ದೊಡ್ಡದು ಮಾಡುತ್ತದೆ. ಈ ಮಾರ್ಗದಲ್ಲಿ ಹೆಜ್ಜೆಯಿಡುವವರು ಕಲಿಯಬೇಕಾದ ಮೊದಲ ಪಾಠ ಕೇಳಿಸಿಕೊಳ್ಳುವುದು. ಉಪದೇಶಕ್ಕೆ ಬಾಯಿ ತೆರೆಯುವ ಮುನ್ನ ಆ ಮನೆಯ ಆದಾಯ, ಸಾಲ, ಮುನಿಸು, ಭಯ ಎಲ್ಲವನ್ನೂ ಸಹನೆಯಿಂದ ತಿಳಿಯಬೇಕು.

ಎರಡನೆಯದು, ರೋಗದ ಸ್ಥೂಲ ಪರಿಚಯ. ಮಧುಮೇಹಿಯ ಅಂಗಾಲಿನ ಸಣ್ಣ ಗಾಯವನ್ನು ಏಕೆ ಅಲಕ್ಷಿಸಬಾರದು, ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಸೀಸೆಯನ್ನು ಒದ್ದೆ ಮಣ್ಣಿನ ಮಡಕೆಯ ತಂಪಿನಲ್ಲಿ ಹೇಗೆ ಕಾಪಾಡಬಹುದು, ಹಾಸಿಗೆ ಹಿಡಿದವರನ್ನು ಆಗಾಗ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುವುದೇಕೆ ಎಂಬುವನ್ನು ಅವರು ಅರಿತಿರಬೇಕು. ಆದರೆ ತಾವು ವೈದ್ಯರಲ್ಲವೆಂಬ ಅರಿವೂ ಅಷ್ಟೇ ಮುಖ್ಯ. ಮಾತ್ರೆಯ ಪ್ರಮಾಣವನ್ನು ಬದಲಿಸಲು ಹೇಳುವುದು ಅವರ ಅಧಿಕಾರವಲ್ಲ. ಬದಲಿಸಬೇಕಾದ ಸೂಚನೆ ಕಂಡರೆ ವೈದ್ಯರಿಗೆ ತಿಳಿಸುವುದು ಅವರ ಕರ್ತವ್ಯ.

ಮೂರನೆಯದು, ಕಾನೂನು ಮತ್ತು ಸೌಲಭ್ಯಗಳ ತಿಳಿವಳಿಕೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಮಾನ್ಯ ಮಾಡಿದೆ. ಚಲನಾಂಗ ವೈಕಲ್ಯ, ಕುಬ್ಜತೆ, ಮನೋರೋಗ, ಗುಣಮುಖರಾದ ಕುಷ್ಠರೋಗಿಗಳು ಅದರಲ್ಲಿ ಸೇರಿದ್ದಾರೆ. ಹಂದಿಗೋಡು ಕಾಯಿಲೆಯಿಂದ ನಡೆಯಲಾರದವರೂ ಮನೋರೋಗದಿಂದ ದುಡಿಯಲಾರದವರೂ ಗುರುತಿನ ಚೀಟಿ ಮತ್ತು ಮಾಸಾಶನಕ್ಕೆ ಅರ್ಜಿ ಹಾಕಬಹುದು. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಆದರೆ ಅರ್ಜಿ ತುಂಬಲಾರದ, ಕಚೇರಿಯ ಮೆಟ್ಟಿಲು ಹತ್ತಲಾರದ ವ್ಯಕ್ತಿಗೆ ಕಾಗದದ ಮೇಲಿನ ಹಕ್ಕು ಹಕ್ಕೇ ಅಲ್ಲ.

ನಾಲ್ಕನೆಯದು, ಗುಟ್ಟನ್ನು ಕಾಯುವುದು. ಸಣ್ಣ ಊರಿನಲ್ಲಿ ಒಂದು ಮಾತು ಸಂಜೆಯೊಳಗೆ ಎಲ್ಲ ಜಗಲಿಗಳನ್ನೂ ತಲುಪುತ್ತದೆ. ಮನೋರೋಗ, ಕ್ಷಯ, ಎಚ್‌ಐವಿ ಸೋಂಕು ಇವುಗಳ ಸುದ್ದಿ ಹೊರಬಿದ್ದರೆ ಒಂದು ಸಂಸಾರವೇ ತಲೆಯೆತ್ತಲಾರದೆ ಹೋಗಬಹುದು. ದೇವಾಲಯದಲ್ಲಿ ಹೆಸರು ಹಿಡಿದು ಪ್ರಾರ್ಥನೆ ಕೋರುವ ಮುನ್ನ ಸಹ ಆ ಮನೆಯವರ ಒಪ್ಪಿಗೆ ಕೇಳಬೇಕು. ಐದನೆಯದು, ಆರೈಕೆ ಮಾಡುವವರ ಆರೈಕೆ. ನಮ್ಮ ಮನೆಗಳಲ್ಲಿ ಈ ಹೊರೆ ಬೀಳುವುದು ಹೆಚ್ಚಾಗಿ ಪತ್ನಿ, ಸೊಸೆ, ಅವಿವಾಹಿತ ಮಗಳು ಇವರ ಮೇಲೆ. ಹತ್ತು ವರ್ಷ ಒಬ್ಬರ ಮಲಮೂತ್ರ ಬಳಿದವಳನ್ನು ನೀನು ಹೇಗಿದ್ದೀಯಮ್ಮ ಎಂದು ಕೇಳಿದವರು ಎಷ್ಟು ಮಂದಿ?

ಕೊನೆಯದಾಗಿ, ಒಟ್ಟಾಗಿ ಕೆಲಸ ಮಾಡುವ ವಿದ್ಯೆ. ವೈದ್ಯ ವಿದ್ಯಾರ್ಥಿಗಳು, ದಾದಿಯರು, ಸಮಾಜಕಾರ್ಯ ವಿದ್ಯಾರ್ಥಿಗಳು ಒಂದೊಂದು ಗೋಡೆಯ ಹಿಂದೆ ಪ್ರತ್ಯೇಕವಾಗಿ ಕಲಿತು, ನೌಕರಿಗೆ ಸೇರಿದ ದಿನ ಒಮ್ಮೆಲೇ ಒಂದಾಗಬೇಕೆಂದರೆ ಹೇಗೆ? ಒಟ್ಟಾಗಿ ಕಲಿತವರೇ ಒಟ್ಟಾಗಿ ದುಡಿಯಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1988ರಲ್ಲಿಯೇ ಹೇಳಿದ್ದರು. ಇಲ್ಲವಾದರೆ ಸಮಾಜಕಾರ್ಯಕರ್ತರು ಆಸ್ಪತ್ರೆಯ ರಿಯಾಯಿತಿ ಚೀಟಿ ಬರೆಯುವ ಗುಮಾಸ್ತರಾಗಿ ಉಳಿಯುವ ಅಪಾಯವಿದೆ.

ನಮ್ಮ ಧರ್ಮಕೇಂದ್ರಗಳ ಪಾಲು

ಧರ್ಮಸಭೆಗೆ ಇದು ಹೊಸ ಕಾರ್ಯವಲ್ಲ. 1833ರಲ್ಲಿ ಆರಂಭವಾದ ಸಂತ ವಿನ್ಸೆಂಟ್ ದೆ ಪೌಲರ ಸಭೆಯ ಸದಸ್ಯರು ಬಡವರ ಮನೆಗಳಿಗೆ ಹೋಗುವುದನ್ನೇ ವ್ರತವಾಗಿಸಿಕೊಂಡವರು. ಮರಿಯಳ ಸೇನೆಯವರು ಇಬ್ಬಿಬ್ಬರಾಗಿ ರೋಗಿಗಳನ್ನು ಸಂದರ್ಶಿಸುತ್ತಾರೆ. 1943ರಲ್ಲಿ ಕಥೋಲಿಕ ಆಸ್ಪತ್ರೆಗಳನ್ನು ಒಂದುಗೂಡಿಸಿದ ಸಿಸ್ಟರ್ ಮೇರಿ ಗ್ಲೌರಿ ಸ್ವತಃ ವೈದ್ಯೆ. ಅವರು 1957ರಲ್ಲಿ ದೇಹತ್ಯಾಗ ಮಾಡಿದುದು ಬೆಂಗಳೂರಿನಲ್ಲಿ. ಜಗದ್ಗುರು ಎರಡನೆಯ ಜಾನ್ ಪಾಲರು 1984ರಲ್ಲಿ ಮಾನವನ ಯಾತನೆಯ ಅರ್ಥವನ್ನು ಕುರಿತು ಪತ್ರ ಬರೆದರು. 1993ರಿಂದ ಫೆಬ್ರವರಿ 11ರ ಲೂರ್ದುಮಾತೆಯ ಹಬ್ಬದಂದು ವಿಶ್ವ ರೋಗಿಗಳ ದಿನವು ಆಚರಣೆಗೆ ಬಂದಿತು. ಆ ದಿನ ನಾವು ರೋಗಿಗಳಿಗಾಗಿ ಬಲಿಪೂಜೆ ಅರ್ಪಿಸುತ್ತೇವೆ, ಹಣ್ಣು ಹಂಚುತ್ತೇವೆ. ಉಳಿದ ದಿನಗಳಲ್ಲಿ?

ಸೊರಬ, ಶಿಕಾರಿಪುರ ಕಡೆಯ ನಮ್ಮ ಕುಟುಂಬಗಳು ಸಂಖ್ಯೆಯಲ್ಲಿ ಕಡಿಮೆ, ದೂರದೂರ ಚದುರಿದಂಥವು. ದೊಡ್ಡ ಆಸ್ಪತ್ರೆ ಕಟ್ಟುವುದು ಎಲ್ಲ ಧರ್ಮಕೇಂದ್ರಗಳಿಗೂ ಸಾಧ್ಯವಲ್ಲ. ಆದರೆ ಸಮಾಜಕಾರ್ಯದಲ್ಲಿ ಆಸಕ್ತಿಯುಳ್ಳ ಒಬ್ಬ ಯುವಕನನ್ನೋ ಯುವತಿಯನ್ನೋ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣಕ್ಕೆ ಕಳುಹಿಸಲು ಹತ್ತು ಕುಟುಂಬಗಳು ಕೈಜೋಡಿಸಬಹುದು. ವಿದೇಶದ ನೌಕರಿಯತ್ತ ಮುಖಮಾಡಿದ ನಮ್ಮ ದಾದಿಯರು ರಜೆಗೆ ಬಂದಾಗ, ಮನೆಯವರಿಗೆ ರೋಗಿಯನ್ನು ಎತ್ತುವ, ಮಗ್ಗುಲು ಬದಲಿಸುವ ವಿಧಾನವನ್ನು ಒಂದು ಭಾನುವಾರ ಕಲಿಸಬಹುದು. ಆರೈಕೆಯಿಂದ ಬಳಲಿದ ತಾಯಿಗೆ ವಾರಕ್ಕೆ ಒಂದು ಮಧ್ಯಾಹ್ನದ ಬಿಡುವು ದೊರಕಿಸಿದರೆ ಅವಳು ನೆಮ್ಮದಿಯಿಂದ ಪೂಜೆಗೆ ಬರಬಹುದು, ಇಲ್ಲವೇ ಸುಮ್ಮನೆ ನಿದ್ದೆ ಮಾಡಬಹುದು. ಆಸ್ಪತ್ರೆಗೆ ಹೋಗುವ ದಿನ ಜೊತೆಗೆ ಬರುವವರಿಲ್ಲದ ನೆರೆಯವರೊಡನೆ ಒಬ್ಬರು ಹೋಗಬಹುದು. ಆ ನೆರೆಯವರ ಜಾತಿಮತ ಕೇಳುವ ಅಧಿಕಾರ ನಮಗಿಲ್ಲ. ಪ್ರಭು ಹೇಳಿದ ಸಾಮತಿಯಲ್ಲಿ ಸಮಾರಿಯದವನು ಅದನ್ನು ಕೇಳಲಿಲ್ಲ. ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿದ, ಛತ್ರದವನಿಗೆ ಒಪ್ಪಿಸಿದ, ಖರ್ಚು ಕೊಟ್ಟ, ಮತ್ತೆ ಬರುವೆನೆಂದು ಮಾತು ಕೊಟ್ಟ. ಮತ್ತೆ ಬರುವೆನೆಂಬ ಆ ಒಂದು ಮಾತೇ ದೀರ್ಘಕಾಲದ ರೋಗಿಗೆ ಬೇಕಾಗಿರುವುದು.

ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಕಫೆರ್ನವುಮಿನ ಪಾರ್ಶ್ವವಾಯು ರೋಗಿಯ ವೃತ್ತಾಂತವಿದೆ. ಅವನನ್ನು ಹೊತ್ತು ತಂದವರು ಒಬ್ಬರಲ್ಲ, ನಾಲ್ವರು. ಬಾಗಿಲಲ್ಲಿ ಜನಸಂದಣಿ ಇದ್ದುದರಿಂದ ಅವರು ಹಿಂತಿರುಗಲಿಲ್ಲ. ಮಾಳಿಗೆ ಹತ್ತಿ, ಚಾವಣಿ ಬಿಚ್ಚಿ, ಹಾಸಿಗೆಯನ್ನು ಸಮತೋಲ ತಪ್ಪದಂತೆ ಕೆಳಗಿಳಿಸಿದರು. ಒಬ್ಬನು ಹಗ್ಗವನ್ನು ಬೇಗ ಬಿಟ್ಟಿದ್ದರೂ ರೋಗಿ ಉರುಳಿ ಬೀಳುತ್ತಿದ್ದ. ಪ್ರಭು ಕಂಡದ್ದು ರೋಗಿಯೊಬ್ಬನ ವಿಶ್ವಾಸವನ್ನಲ್ಲ, ಅವರೆಲ್ಲರ ವಿಶ್ವಾಸವನ್ನು ಎಂದು ಶುಭಸಂದೇಶಕಾರನು ತಿಳಿಸುತ್ತಾನೆ. ಆ ನಾಲ್ವರ ಹೆಸರು ಯಾರಿಗೂ ತಿಳಿಯದು. ಮಲೆನಾಡಿನ ಮನೆಮನೆಗಳಲ್ಲಿ ಇಂದಿಗೂ ಇಂತಹ ಹಾಸಿಗೆಗಳು ಎತ್ತುವವರಿಗಾಗಿ ಕಾದಿವೆ. ವೈದ್ಯರು ಒಂದು ಮೂಲೆಯನ್ನು ಹಿಡಿದಿದ್ದಾರೆ. ಮನೆಯವರು ಇನ್ನೊಂದನ್ನು ಹಿಡಿದು ಬಳಲಿದ್ದಾರೆ. ಉಳಿದ ಎರಡು ಮೂಲೆಗಳಿಗೆ ಕಲಿತ ಕೈಗಳನ್ನು ಕಳುಹಿಸುವ ಮನಸ್ಸನ್ನು ರೋಗಿಗಳ ಆರೋಗ್ಯವಾದ ಲೂರ್ದುಮಾತೆಯು ನಮ್ಮ ಕುಟುಂಬಗಳಿಗೆ ದಯಪಾಲಿಸಲಿ ಎಂದು ಪ್ರಾರ್ಥಿಸೋಣ.